ಗುರುತು ಬಿಡದ ಕೈ

ನನ್ನ ಗಂಡ ಬಂದೂಕು ರಿಪೇರಿ ಮಾಡುವವರು. ಊರಿನವರು ಮೇಸ್ತ್ರಿ ಎನ್ನುತ್ತಾರೆ. ಸಿಟ್ಟು ಬಂದಾಗ ನಾನು ಕಬ್ಬಿಣ ಎನ್ನುತ್ತೇನೆ. ಮನೆಯ ಮುಂಗೋಣೆಯೇ ಅಂಗಡಿ. ಕಿಟಕಿಯ ಕೆಳಗೆ ಉದ್ದನೆಯ ಮೇಜು, ಅದರ ತುದಿಗೆ ಬಿಗಿದ, ಕಬ್ಬಿಣ ಕಚ್ಚಿ ಹಿಡಿಯುವ ವೈಸು, ಗೋಡೆಯ ಮೇಲೆ ಅರ, ಸುತ್ತಿಗೆ, ಕಬ್ಬಿಣಕ್ಕೆ ಗುಳಿ ಹೊಡೆಯುವ ಪಂಚುಗಳ ಸಾಲು. ನಾನು ಒಂದನ್ನು ಒರೆಸಿ ಬೇರೆ ಮೊಳೆಗೆ ಸಿಕ್ಕಿಸಿದರೆ ಸಾಕು, ಊಟದವರೆಗೂ ಮುಖ ಗಂಟು. ಮಕ್ಕಳ ಹೆಸರನ್ನೇ ಅದಲುಬದಲು ಮಾಡಿ ಕರೆಯುವ ಮನುಷ್ಯನಿಗೆ ಯಾವ ಪಂಚು ಯಾವ ಮೊಳೆಯದು ಎನ್ನುವುದು ಮಾತ್ರ ಒಂದು ದಿನವೂ ತಪ್ಪಿದ್ದಿಲ್ಲ.

ಅವರಿಗೆ ಎರಡು ನೇಮ. ಎರಡೂ ನನ್ನ ಮಾವನವರಿಂದ ಬಂದ ಆಸ್ತಿ, ಬೇರೆ ಆಸ್ತಿ ಏನೂ ಬರಲಿಲ್ಲ. ಒಂದು, ಬಂದೂಕು ತಂದವರ ಹತ್ತಿರ ಅದರ ಕತೆ ಕೇಳಬಾರದು. ಏನು ಕೆಟ್ಟಿದೆ ಎಂದು ಕೇಳಬಹುದು, ಹೇಗೆ ಕೆಟ್ಟಿತು ಎಂದು ಕೇಳುವಂತಿಲ್ಲ. ಇನ್ನೊಂದು, ರಿಪೇರಿ ಆದದ್ದು ಕಾಣಬಾರದು. ಬೇರೆ ಮೇಸ್ತ್ರಿಗಳು ಕೆಲಸ ಮುಗಿಸಿ ಒಳಗೆಲ್ಲೋ ತಮ್ಮ ಅಕ್ಷರವನ್ನು ಕೊರೆಯುತ್ತಾರಂತೆ. ಇವರಿಗೆ ಅದನ್ನು ಕೇಳಿದರೇ ಮೈ ಉರಿಯುತ್ತದೆ.

"ಇಲ್ಲಿ ಯಾರೋ ಕೈ ಹಾಕಿದಾರೆ ಅಂತ ಗೊತ್ತಾದ್ರೆ ಅದು ರಿಪೇರಿ ಅಲ್ಲ ಕಣೇ, ತೇಪೆ" ಎನ್ನುತ್ತಾರೆ.

ಅದಕ್ಕಾಗಿ ಅವರು ಪಡುವ ಪಾಡು ನೋಡಬೇಕು. ಹಳೆಯ ಪಂಚಿನ ಗುಳಿಯಲ್ಲೇ ಹೊಸ ಪಂಚನ್ನು ಕೂರಿಸುತ್ತಾರೆ, ಕೂದಲೆಳೆಯಷ್ಟೂ ಆಚೀಚೆ ಹೋಗದ ಹಾಗೆ. ಎದ್ದ ಅಂಚನ್ನು ಕಲ್ಲಿನಿಂದ ತಿಕ್ಕುತ್ತಾರೆ. ಬೆಳ್ಳಗೆ ಹೊಳೆಯುವ ಜಾಗಕ್ಕೆ ಕಪ್ಪು ಔಷಧಿ ಹಚ್ಚುತ್ತಾರೆ. ಆ ಕಪ್ಪೂ ಹೊಸದಾಗಿ ಕಂಡೀತೆಂದು ಹಳೆಯ ಎಣ್ಣೆಯ ಜಿಡ್ಡು ಬಳಿದು ಬಟ್ಟೆಯಿಂದ ಒರೆಸಿ ಮುದಿ ಮಾಡುತ್ತಾರೆ. "ಇಷ್ಟೆಲ್ಲ ಯಾಕ್ರೀ, ಯಾರು ಒಳಗೆ ಇಣುಕಿ ನೋಡ್ತಾರೆ?" ಎಂದು ನಾನು ಸಾವಿರ ಸಲ ಛೇಡಿಸಿದ್ದೇನೆ. ನಕ್ಕು ಸುಮ್ಮನಾಗುತ್ತಿದ್ದರು. ಆ ನಗುವಿನಲ್ಲಿ ಒಂದು ಕೊಬ್ಬಿತ್ತು. ಆಗ ನನಗೆ ಅದು ಚೆಂದವೇ ಅನಿಸುತ್ತಿತ್ತು ಎಂದು ಹೇಳದಿದ್ದರೆ ಸುಳ್ಳಾಗುತ್ತದೆ.

ನನಗೊಬ್ಬ ತಮ್ಮ. ಊರಾಚೆಯ ದೊಡ್ಡ ಗೋದಾಮಿನಲ್ಲಿ ಕಾವಲು ಕೆಲಸ. ಮನೆಯಲ್ಲಿ ಅವನಿಗೆ ಅನುಮಾನಪ್ಪ ಎಂದು ಹೆಸರು. ಬಾಗಿಲಿನ ಬೀಗ ಹಾಕಿ ಎಳೆದು ನೋಡುತ್ತಾನೆ, ನಾಲ್ಕು ಹೆಜ್ಜೆ ಹೋಗಿ ವಾಪಸು ಬಂದು ಮತ್ತೆ ಎಳೆದು ನೋಡುತ್ತಾನೆ. ಒಮ್ಮೆ ಬಸ್ಸು ಹತ್ತಿದವನು ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಇಳಿದು ಬಂದಿದ್ದ, ಅವನ ಹೆಂಡತಿ ತಲೆ ಚಚ್ಚಿಕೊಂಡಿದ್ದಳು. ಅಂಥವನ ಕೈಗೆ ಬಂದೂಕು ಕೊಟ್ಟರೆ ಲೋಕಕ್ಕೆ ಅಪಾಯವಿಲ್ಲ ಎಂದು ನನ್ನ ಗಂಡನೇ ತಮಾಷೆ ಮಾಡುತ್ತಿದ್ದರು.

ಆ ದಿನ ಬೆಳಿಗ್ಗೆ ತಿಂಡಿಯ ತಟ್ಟೆ ತೊಳೆಯುತ್ತಿದ್ದೆ. ಜೀಪೊಂದು ಬಂದು ನಿಂತಿತು. ಒಬ್ಬ ಡ್ರೈವರು ಗೋಣಿಚೀಲದಲ್ಲಿ ಸುತ್ತಿದ ಬಂದೂಕನ್ನು ತಂದು ಮೇಜಿನ ಮೇಲಿಟ್ಟ. ಹಳೆಯ ಪಂಪ್ ಬಂದೂಕು. ನಳಿಗೆಯ ಕೆಳಗಿನ ಹಿಡಿಯನ್ನು ಹಿಂದಕ್ಕೆಳೆದು ಮುಂದಕ್ಕೆ ತಳ್ಳಿದರೆ ತೋಟಾ ತುಂಬಿಕೊಳ್ಳುವಂಥದ್ದು. ಹಿಂಬದಿಯ ಮರ ಸೀಳಿತ್ತು, ಅದಕ್ಕೆ ಯಾರೋ ತಾಮ್ರದ ತಂತಿ ಸುತ್ತಿದ್ದರು.

"ಒಳಗೆ ಏನೋ ಲೊಟಲೊಟ ಅಂತಿದೆ. ಸಾಹೇಬ್ರು ಅರ್ಜೆಂಟ್ ಅಂದಿದಾರೆ. ಇಲ್ಲೇ ಕಾಯ್ತೀನಿ" ಎಂದ.

ಯಾವ ಸಾಹೇಬ್ರು ಎಂದು ಇವರು ಕೇಳಲಿಲ್ಲ. ಲೈಸೆನ್ಸಿನ ಕಾಗದವನ್ನು ಅವನು ಕಣ್ಣ ಮುಂದೆ ಹಿಡಿದು ಮತ್ತೆ ಜೇಬಿಗೆ ಹಾಕಿಕೊಂಡ. ಕಂಪನಿಯ ಹೆಸರು ಅದರಲ್ಲಿತ್ತೋ ಏನೋ, ಇವರ ಕಣ್ಣು ಆಗಲೇ ಬಂದೂಕಿನ ಮೇಲಿತ್ತು. ರಾತ್ರಿ ಅಂಗಡಿಯಲ್ಲೇ ಉಳಿಯುವ ಬಂದೂಕನ್ನಷ್ಟೇ ಬರೆದಿಡುವುದು ನಮ್ಮಲ್ಲಿ ರೂಢಿ, ಕಾದಿದ್ದು ತೆಗೆದುಕೊಂಡು ಹೋಗುವುದನ್ನು ಬರೆಯುವುದಿಲ್ಲ.

ಅದನ್ನು ಬಿಚ್ಚಿದಾಗ ಸುಟ್ಟ ಮದ್ದಿನ ವಾಸನೆ ಅಡಿಗೆಮನೆಯವರೆಗೂ ಬಂತು. "ಈಗ ತಾನೆ ಹಾರಿಸಿದ ಹಾಗಿದೆಯಲ್ರೀ" ಎಂದೆ. ಡ್ರೈವರು ಹೊರಗೆ ಬೀದಿ ನೋಡುತ್ತಿದ್ದ. ಇವರು ನನ್ನತ್ತ ಕಣ್ಣು ಬಿಟ್ಟು, ಬಾಯಿ ಮುಚ್ಚು ಎಂಬಂತೆ ತಲೆಯಾಡಿಸಿದರು. ನೇಮ ನೇಮವೇ.

ಬಂದೂಕಿನ ಹೊಟ್ಟೆಯ ಒಳಗೋಡೆಯಲ್ಲಿ ತೆಳ್ಳಗಿನ ಒಂದು ಉಕ್ಕಿನ ಪಟ್ಟಿ ಇರುತ್ತದೆ. ನಳಿಗೆಯ ಕೆಳಗಿನ ಕೊಳವೆಯಲ್ಲಿ ತೋಟಾಗಳು ಸಾಲಾಗಿ ನಿಂತಿರುತ್ತವಲ್ಲ, ಅವು ಹೇಳದೆ ಕೇಳದೆ ಒಳಗೆ ನುಗ್ಗದಂತೆ ತಡೆಯುವುದು ಅದರ ಕೆಲಸ. ಸ್ಕ್ರೂ ಇಲ್ಲ, ಸುತ್ತಲಿನ ಕಬ್ಬಿಣವನ್ನೇ ಪಂಚಿನಿಂದ ತಟ್ಟಿ ಅದನ್ನು ಹಿಡಿದು ನಿಲ್ಲಿಸಿರುತ್ತಾರೆ. ಆ ಬಂದೂಕಿನಲ್ಲಿ ಅದು ಮುದುಕರ ಹಲ್ಲಿನ ಹಾಗೆ ಅಲ್ಲಾಡುತ್ತಿತ್ತು. ಇವರು ನನ್ನನ್ನು ಕರೆದು ಬೆರಳಿನಿಂದ ಅಲ್ಲಾಡಿಸಿ ತೋರಿಸಿದರು. ಅವರಿಗೆ ಇಂಥದ್ದು ಸಿಕ್ಕರೆ ಖುಷಿ.

ನಾನು ದೀಪ ಹಿಡಿದೆ. ಇವರು ಗುಳಿಯಲ್ಲಿ ಪಂಚು ಕೂರಿಸಿ ಸಣ್ಣ ಸುತ್ತಿಗೆಯಿಂದ ಹೊಡೆದರು. ತಿಕ್ಕಿದರು, ಕಪ್ಪು ಹಚ್ಚಿದರು, ಜಿಡ್ಡು ಬಳಿದರು. ಕೊಳವೆಯೊಳಗಿನ ಕೊಳೆಯನ್ನೂ ಮಸಿಯನ್ನೂ ತೊಳೆದರು. ಮರದ ಡಮ್ಮಿ ತೋಟಾಗಳನ್ನು ತುಂಬಿ ಎಳೆದೂ ತಳ್ಳಿಯೂ ನೋಡಿದರು. ಒಂದೂ ತಪ್ಪಲಿಲ್ಲ. "ಕಾರ್ಖಾನೆಯಿಂದ ಬಂದಾಗಲೂ ಇಷ್ಟು ಗಟ್ಟಿ ಇರ್ಲಿಲ್ಲ ಇದು" ಎಂದರು ಡ್ರೈವರಿಗೆ. ಅವನು ಚೀಲ ಸುತ್ತಿಕೊಂಡು, ಚಹಾ ಕುಡಿದು ಹೋಗಪ್ಪಾ ಎಂದರೂ ನಿಲ್ಲದೆ ಹೋದ.

ಮಧ್ಯಾಹ್ನ ತಮ್ಮನ ಹೆಂಡತಿ ಬಂದಳು. ಕಾಲಲ್ಲಿ ಬೇರೆ ಬೇರೆ ಜೋಡಿಯ ಚಪ್ಪಲಿ. ಹೊಸಿಲಲ್ಲೇ ಕುಸಿದಳು.

"ಅತ್ತಿಗೆ, ಅವರನ್ನ ಪೊಲೀಸ್ನೋರು ಕರ್ಕೊಂಡು ಹೋದ್ರು. ಒಬ್ಬ ಹಮಾಲಿಗೆ ಗುಂಡು ತಗುಲಿದೆ. ಅವನು ಹೋಗ್ಬಿಟ್ಟ ಅತ್ತಿಗೆ, ಆಸ್ಪತ್ರೆಗೆ ಹೋಗೋ ದಾರೀಲೇ ಹೋಗ್ಬಿಟ್ಟ."

ನೀರು ಕುಡಿಸಿ ಕೇಳಿದೆ. ಗೋದಾಮಿನಲ್ಲಿ ಬೆಳಿಗ್ಗೆ ಪಾಳಿ ಬದಲಾಗುವಾಗ ಬಂದೂಕು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗಬೇಕು. ಹೋಗುವವನು ಹಿಡಿಯನ್ನು ಎಳೆದೆಳೆದು ತೋಟಾಗಳನ್ನು ಹೊರಗೆ ಬೀಳಿಸಿ, ಒಳಗೆ ಕಣ್ಣು ಹಾಕಿ ನೋಡಿ, ಮುಚ್ಚಿ, ನೆಲಕ್ಕೆ ಗುರಿಯಿಟ್ಟು ಟ್ರಿಗರ್ ಒತ್ತಬೇಕು. ಬರೀ ಟಕ್ ಎಂದರೆ ಬಂದೂಕು ಖಾಲಿ ಎಂದು ಬರುವವನು ಒಪ್ಪಿಕೊಳ್ಳುತ್ತಾನೆ. ಅಲ್ಲಿಯ ಪದ್ಧತಿ ಅದು. ನನ್ನ ತಮ್ಮ ಎಲ್ಲವನ್ನೂ ಹಾಗೆಯೇ ಮಾಡಿದ್ದ. ಟಕ್ ಎನ್ನಬೇಕಾದದ್ದು ಢಂ ಎಂದಿತು. ತೋಟಾದೊಳಗಿನ ಸೀಸದ ಚರೆಗಳು ಸಿಮೆಂಟು ನೆಲಕ್ಕೆ ಬಡಿದು ಹಾರಿ, ಆಚೆ ಮೆಟ್ಟಿಲ ಮೇಲೆ ಕೂತಿದ್ದ ಹಮಾಲಿಯ ಕುತ್ತಿಗೆಗೆ ಹೊಕ್ಕವು.

"ಖಾಲಿ ಮಾಡಿದ್ದೆ, ನೋಡಿದ್ದೆ ಅಂತ ಒಂದೇ ಸಮನೆ ಹೇಳ್ತಿದಾರೆ. ಯಾರೂ ನಂಬ್ತಿಲ್ಲ. ಪಾಳಿಗೆ ಬಂದವನು ನಾನು ಆಚೆ ನೋಡ್ತಿದ್ದೆ ಅಂತಾನಂತೆ. ಆ ಬಂದೂಕೇ ಸರಿ ಇಲ್ಲ ಅಂತ ಮ್ಯಾನೇಜರಿಗೆ ಮೊದ್ಲೇ ಹೇಳಿದ್ರಂತೆ. ಹಿಂದಿನ ಮರ ಸೀಳಿ ತಂತಿ ಸುತ್ತಿದ್ದಾರೆ, ಅಂಥ ದರಿದ್ರದ್ದು ಅದು."

"ಎಂಥ ತಂತಿ?" ಎಂದೆ.

"ತಾಮ್ರದ್ದು."

ನಾನು ಇವರ ಮುಖ ನೋಡಿದೆ. ಕೈಯಲ್ಲಿದ್ದ ಅರವನ್ನು ಮೇಜಿನ ಮೇಲೆ ಇಟ್ಟರು, ಅದು ಉರುಳಿ ನೆಲಕ್ಕೆ ಬಿತ್ತು, ಎತ್ತಿಕೊಳ್ಳಲಿಲ್ಲ.

"ಅವನು ಸುಳ್ಳು ಹೇಳ್ತಿಲ್ಲ" ಎಂದರು. "ಕೊಳವೆ ತುಂಬ ಕೊಳೆ ಇತ್ತು. ಕಡೇ ತೋಟಾ ಒಂದು ಒಳಗೇ ಸಿಕ್ಕಿ ನಿಂತಿರುತ್ತೆ. ಎಳೆದಾಗ ಬಂದಿಲ್ಲ. ಇವನು ನೋಡ್ದಾಗ ಖಾಲಿನೇ ಕಂಡಿದೆ. ಆಮೇಲೆ ಕೈ ಅಲುಗಿದಾಗ ಜಾರಿದೆ. ಪಟ್ಟಿ ಗಟ್ಟಿ ಇದ್ದಿದ್ರೆ ತಡೀತಿತ್ತು. ಸಡಿಲ ಇತ್ತಲ್ಲ, ಒಳಗೆ ಬಂದು ಕೂತಿದೆ. ಹಿಡಿ ಮುಂದೆ ತಳ್ಳಿದ, ನಳಿಗೆಗೆ ಹೋಯ್ತು."

"ಹಾಗಾದ್ರೆ ಈಗ್ಲೇ ಹೋಗಿ ಹೇಳೋಣ ನಡೀರಿ, ಬಂದೂಕು ತೋರಿಸಿದ್ರೆ ಆಯ್ತಲ್ಲ" ಎಂದು ತಮ್ಮನ ಹೆಂಡತಿ ಎದ್ದೇ ನಿಂತಳು.

"ಈಗ ಅದು ಸಡಿಲ ಇಲ್ಲಮ್ಮಾ" ಎಂದರು ನನ್ನ ಗಂಡ. "ಬೆಳಿಗ್ಗೆ ನಾನೇ ಗಟ್ಟಿ ಮಾಡಿ ಕಳಿಸಿದೀನಿ."

ಆ ಹುಡುಗಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವಳು ಅಳಲಿಲ್ಲ. ಮೇಜನ್ನು ನೋಡುತ್ತ ನಿಂತುಬಿಟ್ಟಳು. ಹಮಾಲಿಯನ್ನು ಆಸ್ಪತ್ರೆಗೆ ಸಾಗಿಸುವ ಗದ್ದಲದಲ್ಲಿ ಪೊಲೀಸರು ಬರುವ ಮೊದಲೇ ಮ್ಯಾನೇಜರು ಬಂದೂಕನ್ನು ಹಿಂಬಾಗಿಲಿನಿಂದ ನಮ್ಮಲ್ಲಿಗೆ ಅಟ್ಟಿದ್ದ, ಅಷ್ಟೇ. ಬಂದೂಕು ಕೆಟ್ಟಿತ್ತು ಎಂದಾದರೆ ತಪ್ಪು ಕಂಪನಿಯದು. ಬಂದೂಕು ಸರಿಯಿತ್ತು ಎಂದಾದರೆ ತಪ್ಪು ನನ್ನ ತಮ್ಮನದು, ಜೈಲೂ ಅವನದು.

ಠಾಣೆಯಲ್ಲಿ ಹೇಳಿದೆವು. ಬರೆದುಕೊಂಡರು. ಬಂದೂಕು ಗೋದಾಮು ಬಿಟ್ಟು ಹೊರಗೆ ಹೋಗಿಯೇ ಇಲ್ಲ ಎಂದ ಮ್ಯಾನೇಜರು. ಜೀಪಿನ ಟಯರಿಗೆ ಗಾಳಿ ಹಾಕಿಸಲು ಹೋಗಿದ್ದೆ ಎಂದ ಡ್ರೈವರು, ನಮ್ಮಿಬ್ಬರನ್ನೂ ನೋಡಿದ್ದೇ ಇಲ್ಲವೆಂದ. ಕಣ್ಣಲ್ಲಿ ಕಣ್ಣಿಟ್ಟು ಹೇಳಿದ. ಅವನ ಕೆನ್ನೆಗೆ ಬಾರಿಸದೆ ಹೇಗೆ ಬಂದೆನೋ ನನಗೇ ಗೊತ್ತಿಲ್ಲ.

ಆಯುಧ ಪರೀಕ್ಷಿಸುವ ಅಧಿಕಾರಿಯಾಗಿ ಬಂದವರು ನನ್ನ ವಯಸ್ಸಿನ ಹೆಂಗಸು. ಒಳ್ಳೆಯವರು. ಅವರ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ, ಇದ್ದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ನಮ್ಮಿಬ್ಬರನ್ನೂ ಕರೆಸಿ, ಕುರ್ಚಿ ಕೊಟ್ಟು, ಬಂದೂಕನ್ನು ಬಿಚ್ಚಿ ಮುಂದಿಟ್ಟರು. ತಮ್ಮನೂ ಅಲ್ಲಿದ್ದ, ಪೊಲೀಸಿನವನೊಬ್ಬನ ಪಕ್ಕದಲ್ಲಿ. ಗಡ್ಡ ಬೆಳೆದಿತ್ತು. ನನ್ನನ್ನು ನೋಡಿ ನಗಲು ನೋಡಿದ.

"ನೀವು ಹೊಡೆದ ಪಂಚಿನ ಗುರುತು ಎಲ್ಲಿದೆ ಅಂತ ತೋರಿಸಿ ಮೇಸ್ತ್ರಿ" ಎಂದು ಭೂತಗನ್ನಡಿಯನ್ನು ಕೊಟ್ಟರು. "ಹೊಸ ಗುರುತು ಒಂದೇ ಒಂದು ಸಿಕ್ರೂ ಸಾಕು. ಮೊನ್ನೆ ಮೊನ್ನೆ ರಿಪೇರಿ ಆಗಿದೆ ಅಂತ ನಾನೇ ಬರೆದು ಕೊಡ್ತೀನಿ."

ಇವರು ಕನ್ನಡಿ ಹಿಡಿದು ಬಗ್ಗಿದರು. ದೀಪವನ್ನು ಹತ್ತಿರಕ್ಕೆ ಎಳೆದುಕೊಂಡರು. ಬಂದೂಕಿನ ಹೊಟ್ಟೆಯನ್ನು ಆ ಕಡೆ ತಿರುಗಿಸಿದರು, ಈ ಕಡೆ ತಿರುಗಿಸಿದರು. ಬಟ್ಟೆಯಿಂದ ಒರೆಸಿದರು. ಕಪ್ಪಿನ ಕೆಳಗೆ ಏನಾದರೂ ಬೆಳ್ಳಗೆ ಕಂಡೀತೇ ಎಂದು ಉಗುರಿನಿಂದ ಕೆರೆದರು. ಹಣೆಯಿಂದ ಬೆವರು ಇಳಿದು ಕನ್ನಡಿಯ ಮೇಲೆ ಬಿತ್ತು. ಯಾವುದಾದರೂ ಒಂದು ಕಡೆ ಬೆರಳಿಡಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ. ಕೊನೆಗೆ ಕನ್ನಡಿ ಕೆಳಗಿಟ್ಟರು.

"ಕಾಣ್ತಿಲ್ಲ ಮೇಡಂ" ಎಂದರು. "ಕಾಣದ ಹಾಗೇ ಮಾಡಿದೀನಿ."

ಆ ಮೇಡಂ ತಾವೂ ಬಹಳ ಹೊತ್ತು ಹುಡುಕಿದರು. ಸಿಗಲಿಲ್ಲ. ಆಮೇಲೆ ಬಂದೂಕನ್ನು ಜೋಡಿಸಿ, ಡಮ್ಮಿ ತೋಟಾ ತುಂಬಿ, ನನ್ನ ತಮ್ಮನ ಕೈಗೆ ಕೊಟ್ಟು ಆ ದಿನ ಮಾಡಿದ ಹಾಗೆಯೇ ಮಾಡು ಎಂದರು. ಅವನು ಎಳೆದ, ತೋಟಾಗಳು ಬಿದ್ದವು, ನೋಡಿದ, ಮುಚ್ಚಿದ, ನೆಲಕ್ಕೆ ಹಿಡಿದು ಒತ್ತಿದ. ಟಕ್. ಮತ್ತೆ ಮಾಡು ಎಂದರು. ಟಕ್. ಅಲುಗಾಡಿಸಿ ಮಾಡಿಸಿದರು, ಕುಕ್ಕಿ ಮಾಡಿಸಿದರು, ನಿಧಾನಕ್ಕೆ ಮಾಡಿಸಿದರು. ಪ್ರತಿ ಸಲವೂ ಟಕ್. ಮೊದಮೊದಲು ಅವನು, ಈಗ ಬರುತ್ತೆ ನೋಡಿ ಎಂಬಂತೆ ಮೇಡಂ ಮುಖ ನೋಡುತ್ತಿದ್ದ. ಬರಬರುತ್ತ ಬಂದೂಕನ್ನು ನೋಡತೊಡಗಿದ. ಕಡೆಗೆ ತನ್ನ ಕೈಗಳನ್ನು ನೋಡತೊಡಗಿದ. ನನ್ನ ಗಂಡನ ಕೆಲಸ ಅಷ್ಟು ಚೆನ್ನಾಗಿತ್ತು.

ಮನೆಗೆ ಬಂದ ಮೇಲೆ ನಾನು ಬಾಯಿಗೆ ಬಂದ ಹಾಗೆ ಬೈದೆ. ಸುಳ್ಳಿಗಾದರೂ ಒಂದು ಕಡೆ ಬೆರಳು ಇಡಲಾಗದ ನಿಮ್ಮ ಕೈಗೆ ಕರೆಂಟು ಹೊಡೆಯಲಿ ಎಂದೆ. ಇವರು ಗೋಡೆಗೆ ಒರಗಿ ಕೂತೇ ಕೇಳಿಸಿಕೊಂಡರು.

"ಇಟ್ಟಿದ್ರೆ ಅವರು ನೋಡ್ತಿದ್ರು. ಹಳೇ ಗುಳೀನೇ ಕಾಣ್ತಿತ್ತು. ಭಾವಮೈದುನನಿಗೋಸ್ಕರ ಸುಳ್ಳು ಹೇಳ್ತಿದಾನೆ ಅಂತ ಆಗ್ತಿತ್ತು. ಆಮೇಲೆ ನಿಜಾನೂ ಯಾರು ಕೇಳ್ತಿದ್ರು?" ಎಂದರು. ಅಷ್ಟು ಹೇಳಿ ಮಕ್ಕಳೆದುರಿಗೇ ಬಿಕ್ಕಿ ಬಿಕ್ಕಿ ಅತ್ತರು. ಮದುವೆಯಾದಾಗಿನಿಂದ ಅವರು ಅತ್ತದ್ದನ್ನು ನಾನು ನೋಡಿರಲಿಲ್ಲ. ನನ್ನ ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಹತ್ತಿರ ಹೋಗಿ ಕೂತೆ.

ದಾರಿ ತೋರಿಸಿದವರು ವಕೀಲರು. ಮಾತು ಕಡಿಮೆ, ತಲೆ ಜೋರು. "ಗುರುತು ಇಲ್ಲ ಅನ್ನೋದೇ ನಿಮ್ಮ ಗುರುತು ಅಂತ ತೋರಿಸೋಣ" ಎಂದರು. ಅದೇ ತರಹದ ಇನ್ನೊಂದು ಹಳೆಯ ಬಂದೂಕು, ಅದೇ ಪಟ್ಟಿ ಸಡಿಲವಾದದ್ದು ಬೇಕು. ನ್ಯಾಯಾಧೀಶರ ಮುಂದೆ, ಆ ಮೇಡಂ ಮುಂದೆ ಇವರು ಅದನ್ನು ರಿಪೇರಿ ಮಾಡಬೇಕು. ಆಮೇಲೆ ಮೇಡಂ ಕನ್ನಡಿ ಹಿಡಿದು ಹುಡುಕಲಿ. ಅವರಿಗೆ ಸಿಗದಿದ್ದರೆ, ಕಣ್ಣೆದುರು ಆದ ರಿಪೇರಿಯೇ ಕಾಣದಿರುವಾಗ ಆ ದಿನದ್ದು ಕಾಣುತ್ತಿಲ್ಲ ಎಂದರೆ ಆಗಿಯೇ ಇಲ್ಲ ಎಂದು ಹೇಗೆ ಹೇಳುತ್ತೀರಿ ಎಂದು ಕೇಳಬಹುದು. ನ್ಯಾಯಾಧೀಶರು ಒಪ್ಪಿದರು. ದಿನ ಗೊತ್ತಾಯಿತು.

ಅಂಥ ಬಂದೂಕಿಗಾಗಿ ಇವರು ಊರೂರು ಅಲೆದರು. ಹಳೆಯ ಗಿರಾಕಿಯೊಬ್ಬರ ಅಟ್ಟದಲ್ಲಿ ಸಿಕ್ಕಿತು. ತಂದ ದಿನದಿಂದ ಬೇರೆ ಕೆಲಸ ಮುಟ್ಟಲಿಲ್ಲ. ಚೂರು ಕಬ್ಬಿಣದ ಮೇಲೆ ಪಂಚು ಹೊಡೆದು, ತಿಕ್ಕಿ, ಕಪ್ಪು ಹಚ್ಚಿ ನನ್ನ ಕೈಗೆ ಕೊಡುತ್ತಿದ್ದರು. "ಹುಡುಕು" ಎನ್ನುತ್ತಿದ್ದರು. ಮಕ್ಕಳ ಕೈಲೂ ಹುಡುಕಿಸಿದರು. ಯಾರಿಗೂ ಸಿಗುತ್ತಿರಲಿಲ್ಲ. ಎಷ್ಟೋ ದಿನಗಳ ಮೇಲೆ ನಮ್ಮ ಮನೆಯಲ್ಲಿ ಊಟ ರುಚಿ ಹತ್ತಿತು. ತಮ್ಮನ ಹೆಂಡತಿಯೂ ಬಂದು ಒಂದು ಚೂರನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿ, "ನನ್ನಾಣೆ ಭಾವ, ಏನೂ ಇಲ್ಲ" ಎಂದು ನಕ್ಕಳು.

ಕೋರ್ಟಿನ ಹಿಂದಿನ ದಿನ ತಮ್ಮನಿಗೆ ಧೈರ್ಯ ಹೇಳಿ ಬರೋಣವೆಂದು ಜೈಲಿಗೆ ಹೋದೆವು. ಒಳಗೆ ಒಬ್ಬರನ್ನೇ ಬಿಡುತ್ತಾರೆ. ಇವರು ಗೇಟಿನ ಹೊರಗಿನ ಕಟ್ಟೆಯ ಮೇಲೆ ಕೂತರು. ನಾನು ಹೋದೆ. ನಡುವೆ ಎರಡು ಪದರದ ಜಾಲರಿ, ಆಚೆ ಅವನು. ಗಡ್ಡ ತೆಗೆದಿದ್ದ. ಮುಖ ತೊಳೆದ ತಟ್ಟೆಯಂತೆ ಶುಭ್ರವಾಗಿತ್ತು. ನನಗೆ ಸಂತೋಷವಾಯಿತು.

"ನಾಳೆ ಭಾವ ಎಲ್ಲರ ಮುಂದೆ ಮಾಡಿ ತೋರಿಸ್ತಾರೆ ಕಣೋ. ವಕೀಲರು ಗೆದ್ದ ಹಾಗೇ ಅಂದಿದಾರೆ" ಎಂದೆ.

"ಅಕ್ಕಾ" ಎಂದ. "ಇವತ್ತು ಬೆಳಿಗ್ಗೆ ನಾನು ಒಪ್ಕೊಂಡ್ಬಿಟ್ಟೆ."

"ಏನನ್ನ?"

"ಖಾಲಿ ಮಾಡಿರ್ಲಿಲ್ಲ, ಗಮನ ತಪ್ಪಿತ್ತು ಅಂತ. ನ್ಯಾಯಾಧೀಶರ ಹತ್ರ ಕರ್ಕೊಂಡು ಹೋಗಿ ಅಂತ ನಾನೇ ಕೇಳ್ಕೊಂಡೆ. ವಕೀಲರಿಗೂ ಹೇಳಿರ್ಲಿಲ್ಲ. ನ್ಯಾಯಾಧೀಶರು ಎರಡು ಮೂರು ಸಲ ಕೇಳಿದ್ರು, ಯಾರಾದ್ರೂ ಹೆದರಿಸಿದಾರಾ ಅಂತ. ಇಲ್ಲ ಅಂದೆ."

ಅವನೇ ಮೆಲ್ಲಗೆ ಹೇಳುತ್ತ ಹೋದ, ನನಗೇ ಏನೋ ಆಗಿದೆ, ಸಮಾಧಾನ ಮಾಡಬೇಕು ಎನ್ನುವ ಹಾಗೆ.

"ಅವತ್ತು ಮೇಡಂ ಮುಂದೆ ಆ ಬಂದೂಕು ನನ್ನ ಕೈಯಲ್ಲಿ ಒಂದು ಸಲಾನೂ ತಪ್ಪಲಿಲ್ಲ ಅಕ್ಕ. ನೀನೇ ನೋಡಿದ್ಯಲ್ಲ. ಒಳ್ಳೇ ಬಂದೂಕು ಅದು. ಅವತ್ತಿಂದ ಯೋಚ್ನೆ ಮಾಡ್ತಾನೇ ಇದೀನಿ. ನಾನು ಒಳಗೆ ನೋಡಿದ್ದು ನೆನಪಿದೆ. ಆದ್ರೆ ದಿನಾ ನೋಡ್ತಿದ್ನಲ್ಲ, ಆ ನೆನಪು ಹಿಂದಿನ ದಿನದ್ದೋ ಏನೋ. ಆ ಹಮಾಲಿ ದಿನಾ ನನ್ನ ಜೊತೆ ಚಹಾ ಕುಡೀತಿದ್ದ. ಅವನನ್ನ ಕೊಂದು, ಬಂದೂಕಿನ ಮೇಲೆ ಹಾಕಿ ನಾನು ಕೈ ತೊಳ್ಕೊಳ್ಳೋದಾ?"

"ಪಟ್ಟಿ ಸಡಿಲ ಇತ್ತು ಕಣೋ! ನಾನು ಕಣ್ಣಾರೆ ನೋಡಿದೀನಿ! ದೀಪ ಹಿಡಿದಿದ್ದೇ ನಾನು!" ಎಂದು ಕೂಗಿದೆ. ಜಾಲರಿಯನ್ನು ಹಿಡಿದು ಅಲ್ಲಾಡಿಸಿದೆ. ಪೊಲೀಸಿನವಳು ಬಂದು ನನ್ನ ಕೈ ಬಿಡಿಸಿದಳು.

ತಮ್ಮ ನಕ್ಕ. ಚಿಕ್ಕವನಿದ್ದಾಗ ನಾನು ಅವನಿಗೆ ಮಾತ್ರೆ ನುಂಗಿಸುತ್ತ ಇದು ಸಿಹಿ ಕಣೋ ಎಂದಾಗ ಹೀಗೆಯೇ ನಗುತ್ತಿದ್ದ.

"ನೀನೂ ಹಾಗೇ ಹೇಳ್ತೀಯ ಅಂತ ನಂಗೊತ್ತಿತ್ತು. ನೀವಿಬ್ರೂ ನನಗೋಸ್ಕರ ಹೇಳ್ತಿದೀರ ಅಂತ ಅವತ್ತೇ ಗೊತ್ತಾಯ್ತು ಅಕ್ಕ. ಗುರುತು ತೋರಿಸಿ ಅಂದಾಗ ಭಾವ ಹೇಗೆ ಬೆವತುಹೋದ್ರು, ಪಾಪ. ಸುಳ್ಳು ಹೇಳಿ ಅಭ್ಯಾಸ ಇಲ್ಲ ಅವರಿಗೆ. ನಾಳೆ ಕೋರ್ಟಲ್ಲಿ ಪ್ರಮಾಣ ಮಾಡಿ ಸುಳ್ಳು ಹೇಳೋದು, ಅದು ಗೊತ್ತಾಗಿ ಅವರೂ ಒಳಗೆ ಬರೋದು, ಅದೆಲ್ಲ ಬೇಡ. ನಿನ್ನ ಮಕ್ಕಳ ಗತಿ ಏನು? ಅದಕ್ಕೇ ಇವತ್ತೇ ಮುಗಿಸ್ಬಿಟ್ಟೆ. ಹೀಗೇ ಮಾಡೋದು ಅಂತ ಗಟ್ಟಿ ಮಾಡ್ಕೊಂಡ ಮೇಲೆ ನಿನ್ನೆ ರಾತ್ರಿ ಚೆನ್ನಾಗಿ ನಿದ್ದೆ ಬಂತು. ನನ್ನ ಹೆಂಡತಿಗೆ ನೀನೇ ಮೆಲ್ಲಗೆ ಹೇಳು."

ಗಂಟೆ ಹೊಡೆಯಿತು. ಎದ್ದು ನಿಂತವನು ಮತ್ತೆ ಬಗ್ಗಿ ಜಾಲರಿಗೆ ಬಾಯಿ ಹತ್ತಿರ ತಂದ. "ಭಾವ ಮಾಡಿದ ಉಪಕಾರ ಸಾಯೋವರೆಗೂ ಮರೆಯಲ್ಲ ಅಂತ ಹೇಳು" ಎಂದ.

ಹೊರಗೆ ಬಿಸಿಲು ಇತ್ತು. ಇವರು ಕಟ್ಟೆಯಿಂದ ಎದ್ದು ಬಂದರು. ಬೆರಳ ತುದಿಗಳಲ್ಲಿ ಆ ಕಪ್ಪು ಔಷಧಿಯ ಕಲೆ ಇನ್ನೂ ಹಸಿಯಾಗಿತ್ತು. ಎಷ್ಟೋ ದಿನಗಳ ಮೇಲೆ ಕಣ್ಣಿನಲ್ಲಿ ಒಂದಿಷ್ಟು ಬೆಳಕು.

"ಏನಂದ?" ಎಂದರು.

"ನಿಮ್ಮ ಉಪಕಾರ ಸಾಯೋವರೆಗೂ ಮರೆಯಲ್ವಂತೆ" ಎಂದೆ.

ಇವರಿಗೆ ನಾಚಿಕೆಯಾಯಿತು. ಕೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತ ನನ್ನ ಪಕ್ಕದಲ್ಲಿ ನಡೆಯತೊಡಗಿದರು. "ಹುಚ್ಚ, ನಾನು ಇನ್ನೂ ಏನು ಮಾಡಿದೀನಿ? ಮಾಡೋದು ನಾಳೆ ತಾನೆ" ಎಂದರು.

ನಾನು ರಸ್ತೆಯ ನಡುವೆಯೇ ನಿಂತೆ. ನಾಳೆ ಏನೂ ಮಾಡಬೇಕಾಗಿಲ್ಲ ರೀ ಎಂದೆ.